ಮೂವತ್ತೈದಕ್ಕೆ ಪಾಸು

ನಮ್ಮ ಮನೆ ಹನುಮಂತನಗರದಲ್ಲಿ, ಮೂರನೇ ಮಹಡಿ. ಲಿಫ್ಟ್ ಇಲ್ಲ. ಕೊಂಡಾಗ ನನಗೆ 38. ನನಗೊಂದು ದಿನ 60 ತುಂಬುತ್ತದೆ ಅಂತ ಗೊತ್ತಿತ್ತು. ನನ್ನ ಮಂಡಿಗೂ ತುಂಬುತ್ತದೆ ಅಂತ ಹೊಳೆದಿರಲಿಲ್ಲ. ಬ್ಯಾಂಕಿನಿಂದ ನಿವೃತ್ತನಾದ ವಾರವೇ "ಊರಾಚೆ ಎಲ್ಲಾದರೂ ನೆಲದ ಮೇಲಿನ ಮನೆ ನೋಡೋಣ" ಅಂದೆ. ಹೆಂಡತಿ ಒಪ್ಪಿದಳು. ಆದರೆ ಅವಳು 34 ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದವಳು. ಒಪ್ಪಿಗೆಯ ಜೊತೆಗೆ 200 ಪುಟದ ನೋಟ್‌ಬುಕ್ಕೂ ಬಂತು. ನೀರಿಗಿಷ್ಟು, ಆಸ್ಪತ್ರೆಗಿಷ್ಟು, ಬಸ್ಸಿಗಿಷ್ಟು ಅಂತ ಒಟ್ಟು 100 ಅಂಕ. ಆಗಿನ ಎಸ್ಸೆಸ್ಸೆಲ್ಸಿಯ ಹಾಗೆ 35ಕ್ಕೆ ಪಾಸು. ನಾನು ಹಟ ಹಿಡಿದದ್ದಕ್ಕೆ ತಿಂಡಿಗೂ 5 ಅಂಕ ಮಂಜೂರಾಯಿತು.

ಮೊದಲು ಹೋದದ್ದು ದೇವನಹಳ್ಳಿಗೆ. ಚಕ್ಕೋತದ ಊರು, ಕೋಟೆಯ ಊರು ಅಂತ ನಾನು ಶುರು ಮಾಡುವುದರೊಳಗೆ ಬ್ರೋಕರ್ "ಏರ್‌ಪೋರ್ಟ್ ಇಪ್ಪತ್ತೇ ನಿಮಿಷ ಸಾರ್" ಅಂದ. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಆ ಕಡೆಯ ಸೈಟುಗಳಿಗೆಲ್ಲ ಅದೊಂದೇ ವಿಳಾಸ. "ಮಕ್ಕಳು ಫಾರಿನ್ನಲ್ಲಿ ಇದ್ದಾರಲ್ವಾ?" ಅಂತಲೂ ಅವನೇ ಕೇಳಿದ. ಇದ್ದಾನೆ ಒಬ್ಬ, ಎರಡು ವರ್ಷಕ್ಕೊಮ್ಮೆ 15 ದಿನ ಬರುತ್ತಾನೆ. ಹೆಂಡತಿ ನಿಂತಲ್ಲೇ ಲೆಕ್ಕ ಮಾಡಿದಳು. "730 ದಿನದಲ್ಲಿ 15 ದಿನ ಅವನಿಗೆ ಅನುಕೂಲ. ಮಿಕ್ಕ 715 ದಿನ ನಮಗೆ ವಿಮಾನದ ಸದ್ದು." 28 ಅಂಕ.

ಹೆಸರಘಟ್ಟದ ಕಡೆ ಐದು ಗುಂಟೆ ತೋರಿಸಿದರು. ಹಿಂದೆ ಹುಲ್ಲುಗಾವಲು, ಬೇಲಿಯ ಮೇಲೆ ನವಿಲು. ಖಾತೆ ಆಗಿದೆಯಾ ಅಂತ ಕೇಳಿದೆ. "ಆಗುತ್ತೆ ಸಾರ್" ಅಂದರು. ಯಾವಾಗ ಅಂದದ್ದಕ್ಕೆ ಮತ್ತೆ ನವಿಲು ತೋರಿಸಿದರು.

ಒಂದು ಕಾಲಕ್ಕೆ ಪಿಂಚಣಿದಾರರ ಸ್ವರ್ಗ ಅನ್ನಿಸಿಕೊಂಡದ್ದು ಬೆಂಗಳೂರೇ. ಆ ಸ್ವರ್ಗ ಈಗ ಮೈಸೂರಿಗೆ ವರ್ಗವಾಗಿದೆ. ನಾವೂ ಹೋದೆವು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗ್ಗೆ ಆರಕ್ಕೆ ನಡೆದರೆ ಯಾರಿಗಾದರೂ ಆಸೆಯಾಗುತ್ತದೆ. 71 ಬಿತ್ತು, ಫಸ್ಟ್ ಕ್ಲಾಸು. ಎರಡನೇ ಸುತ್ತಿನಲ್ಲಿ ನನ್ನ ಹಳೆಯ ಮ್ಯಾನೇಜರ್ ಎದುರಾಗಿ "ಆ ಸಾಲದ ಫೈಲು ಏನಾಯ್ತಯ್ಯ?" ಅಂದರು. ಅಲ್ಲಿಂದಲೇ ಕಾರು ತಿರುಗಿಸಿದೆ.

ಕನಕಪುರ ರಸ್ತೆಯದನ್ನು ಮಾತ್ರ ವಿಸ್ತಾರವಾಗಿ ಹೇಳಬೇಕು. 'ಸಕ್ರಿಯ ಹಿರಿಯರ ಬಡಾವಣೆ' ಅಂತ ಬಣ್ಣದ ಪುಸ್ತಿಕೆ ಕೈಗೆ ಬಂದಿತ್ತು. ಅದರಲ್ಲಿ ಬೆಳ್ಳಿಕೂದಲಿನ ದಂಪತಿ ಒಂದು ಬಟ್ಟಲು ಸೌತೆಕಾಯಿ ನೋಡಿ ನಗುತ್ತಿದ್ದರು. ಸೌತೆಕಾಯಿಯಲ್ಲಿ ಅಷ್ಟು ನಗುವಂಥದ್ದೇನಿದೆಯೋ ನನಗೆ ಇಂದಿಗೂ ತಿಳಿಯದು. ಒಳಗೆ ಎಲ್ಲವೂ ಇತ್ತು. ಜಾರದ ನೆಲ, ಹೊಸ್ತಿಲಿಲ್ಲದ ಬಾಗಿಲು, ನಾಲ್ಕಡಿಯ ಈಜುಕೊಳ, ಸಂಜೆ ಐದಕ್ಕೆ ಜುಂಬಾ, ಏಳೂವರೆಗೆ ಊಟ. ಮಾದರಿ ಮನೆಯ ಬಚ್ಚಲಲ್ಲಿ ಒಂದು ಕೆಂಪು ದಾರ ಇಳಿಬಿದ್ದಿತ್ತು. ಫ್ಯಾನಿನದಿರಬೇಕು ಅಂತ ಎಳೆದೆ. ಎಲ್ಲೋ ಗಂಟೆ ಹೊಡೆಯಿತು. ಬಾಗಿಲು ತೆರೆದರೆ ಇಬ್ಬರು ನರ್ಸಮ್ಮಂದಿರು, ಒಬ್ಬ ಕಾವಲುಗಾರ, ಒಂದು ಗಾಲಿಕುರ್ಚಿ. "ಏನೂ ಆಗಿಲ್ಲಮ್ಮ" ಅಂದರೆ ಕೇಳುವವರಿಲ್ಲ. ಎಲ್ಲರೂ ಮೊದಲು ಹಾಗೇ ಅನ್ನುತ್ತಾರಂತೆ. ಕೂರಿಸಿ ಬಿ.ಪಿ. ನೋಡಿದರು. ಆ ಗಾಬರಿಯಲ್ಲಿ 160 ತೋರಿಸಿತು. ಸೇರುವುದಿದ್ದರೆ ಬೇಗ ಸೇರಿಬಿಡಿ ಅಂತ ಮಾರಾಟದ ಹುಡುಗ ಕಿವಿಯಲ್ಲಿ ಹೇಳಿದ.

ಅಷ್ಟರಲ್ಲಿ ಹೆಂಡತಿ ನೀರಿನ ಕಾಲಮ್ಮಿಗೆ ಬಂದಿದ್ದಳು. ಕೊಳವೆಬಾವಿ, ಸಾಲದಿದ್ದರೆ ಟ್ಯಾಂಕರ್. ಬೆಂಗಳೂರು ಕುಡಿಯುವ ಕಾವೇರಿ ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿಯಲ್ಲೊಮ್ಮೆ, ತಾತಗುಣಿಯಲ್ಲೊಮ್ಮೆ ಪಂಪಿನ ಹೆಗಲೇರಿ, ಸುಮಾರು 100 ಕಿ.ಮೀ. ದಾರಿ ಸವೆಸಿ, ಸುಮಾರು 500 ಮೀಟರ್ ಎತ್ತರಕ್ಕೆ ಹತ್ತಿ ಬರುವುದು ಇದೇ ದಿಕ್ಕಿನಿಂದ. ಇಲ್ಲಿ ಬಾಗಿಲಿಗೆ ಬಾರದೆ ಮುಂದೆ ಹೋದವಳು ನಮ್ಮ ಹನುಮಂತನಗರದ ನಲ್ಲಿಗೆ ಬರುತ್ತಾಳೆ. "ಅವಳ ವಯಸ್ಸಿಗೆ 500 ಮೀಟರ್ ಹತ್ತುತ್ತಾಳೆ. ನಿಮಗೆ ಮೂರು ಮಹಡಿ ಕಷ್ಟ" ಅಂದಳು ಹೆಂಡತಿ. ನೀರಿಗೆ ಸೊನ್ನೆ.

ನಮ್ಮಿಬ್ಬರಿಗೂ ಜಗಳ ಬರುವುದು ಬಸ್ಸಿನ ಕಾಲಮ್ಮಿನಲ್ಲಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಅವಳಿಗೆ ಎಲ್ಲಿಂದ ಹತ್ತಿದರೂ ಸೊನ್ನೆ ರೂಪಾಯಿ. "ದೂರ ಅನ್ನೋದು ಗಂಡಸರ ಸಮಸ್ಯೆ" ಅನ್ನುತ್ತಾಳೆ. ಈ 'ಊರಾಚೆ' ಅನ್ನುವ ಮಾತನ್ನಾದರೂ ನಂಬುವುದು ಹೇಗೆ? 1898ರಲ್ಲಿ ಪ್ಲೇಗು ಬಂದಾಗ ಪೇಟೆಯ ಜನಕ್ಕೆ ಊರಾಚೆ ಆಗಿದ್ದದ್ದು ಬಸವನಗುಡಿ, ಮಲ್ಲೇಶ್ವರ. ಈಗ ಗಾಂಧಿಬಜಾರಿಗೆ ಕಾರು ಒಯ್ದವನು ಅದನ್ನು ನಿಲ್ಲಿಸಲು ಊರಾಚೆ ಹೋಗಬೇಕು.

ಮೂರು ವರ್ಷವಾಯಿತು. 41 ಮನೆ ನೋಡಿದ್ದೇವೆ, ನೋಟ್‌ಬುಕ್ ಎರಡನೆಯದು. ಹತ್ತಿಳಿದ ಮೆಟ್ಟಿಲಿಗೆ ಲೆಕ್ಕವಿಲ್ಲ. ಮಂಡಿ ಯಾಕೋ ಮೊದಲಿನಷ್ಟು ತಕರಾರು ಮಾಡುತ್ತಿಲ್ಲ. ಮೊನ್ನೆ ನಮ್ಮ ಮನೆಗೇ ಒಮ್ಮೆ ಅಂಕ ಹಾಕು ಅಂದೆ. ನೀರಿಗೆ, ತರಕಾರಿಗೆ, ತಿಂಡಿಗೆ ಧಾರಾಳವಾಗಿ ಕೊಟ್ಟಳು. ಮೆಟ್ಟಿಲಿಗೆ ಕಳೆದಳು, ಪಕ್ಕದ ಮನೆಯ ಡ್ರಿಲ್ಲಿಗೆ ಕಳೆದಳು, ಪೇಪರು ಓದುತ್ತಾ ವರಾಂಡ ಆಕ್ರಮಿಸಿಕೊಂಡ ನನಗೂ ಕಳೆದಳು. ಕೂಡಿದರೆ 34. ಗ್ರೇಸ್ ಮಾರ್ಕ್ಸ್ ಕೊಡುವ ಅಭ್ಯಾಸ ಅವಳಿಗೆ ಸರ್ವಿಸಿನಲ್ಲೂ ಇರಲಿಲ್ಲ.

ಬರುವ ಭಾನುವಾರ ಬಿಡದಿ. ಏಳಕ್ಕೆ ಹೊರಡುತ್ತೇವೆ, ತಟ್ಟೆ ಇಡ್ಲಿ ಮುಗಿಸಿಯೇ ಮನೆ ನೋಡುವುದು. ಹಿಂದಿನ ಸೀಟು ಖಾಲಿಯಿದೆ, ನೀವೂ ಹುಡುಕುತ್ತಿದ್ದರೆ ಬನ್ನಿ. ನೋಟ್‌ಬುಕ್ ಮಾತ್ರ ನಿಮ್ಮದೇ ತನ್ನಿ.