ಮಗ ಓಡಿಹೋದ ಅಧ್ಯಾಯ

"ಅಲ್ಲಾ ಕಣೇ, ಹೊತ್ತು ಸಿಕ್ಕಾಗಲೆಲ್ಲ ಕಾದಂಬರಿ ಹಿಡ್ಕೊಂಡು ಕೂತಿರ್ತೀಯಲ್ಲ, ಅದರ ಬದಲು ಭಗವದ್ಗೀತೆ ಓದಿದ್ರೆ ಪುಣ್ಯನಾದ್ರೂ ಬರ್ತಿತ್ತು" ಅಂದರು ಪಕ್ಕದ ಮನೆ ಅಕ್ಕ, ಬೇಲಿಗೆ ಹಬ್ಬಿದ ಬಳ್ಳಿಯಿಂದ ತೊಂಡೆಕಾಯಿ ಕೀಳುತ್ತಾ. ಚುಚ್ಚಿ ಆಡಿದ ಮಾತಲ್ಲ. ಕಾದಂಬರಿ ಓದಿ ಯಾರಿಗಾದರೂ ದಾರಿ ಕಂಡೀತು ಅನ್ನುವುದನ್ನು ಅವರು ನಂಬಲಾರರು.

"ಗೀತೆನೂ ಓದ್ತೀನಿ ಅಕ್ಕ. ಓದಿ ಹೌದು ಹೌದು ಅಂತ ತಲೆ ಆಡಿಸ್ತೀನಿ. ಮೋಹ ಬಿಡು ಅಂದ್ರೆ ಯಾರು ತಾನೇ ಬೇಡ ಅಂತಾರೆ? ಆದರೆ ಆ ಮೋಹ ನನ್ನೊಳಗೆ ಎಲ್ಲಿ ಕೂತಿದೆ ಅಂತ ತೋರಿಸಿದ್ದು ಕಾದಂಬರಿನೇ."

"ಯಾವುದಪ್ಪಾ ಅದು?"

ಹೆರ್ಮನ್ ಹೆಸ್ಸೆ ಅನ್ನೋ ಜರ್ಮನ್ ಲೇಖಕನ ‘ಸಿದ್ಧಾರ್ಥ’, 1922ರಲ್ಲಿ ಬಂದದ್ದು. ಹೆಸರು ಕೇಳಿ ಬುದ್ಧನ ಕಥೆ ಅಂದುಕೊಂಡರು ಅಕ್ಕ. ಅಲ್ಲ, ಬುದ್ಧನ ಕಾಲದಲ್ಲೇ ಇದ್ದ ಇನ್ನೊಬ್ಬ ಬ್ರಾಹ್ಮಣರ ಹುಡುಗನದು. ಮನೆ ಬಿಟ್ಟು ಸನ್ಯಾಸಿಗಳ ಹಿಂದೆ ಹೋಗ್ತೀನಿ ಅಂತಾನೆ. ಅಪ್ಪ ಒಪ್ಪುವುದಿಲ್ಲ. ಹುಡುಗ ಎದುರು ಮಾತಾಡದೆ, ಕೈಕಟ್ಟಿಕೊಂಡು ನಿಂತುಬಿಡ್ತಾನೆ. ಅಪ್ಪನಿಗೆ ನಿದ್ದೆ ಹತ್ತುವುದಿಲ್ಲ. ಗಂಟೆಗೊಂದು ಸಲ ಎದ್ದು ಕಿಟಕಿಯಲ್ಲಿ ಇಣುಕಿದರೆ ಮಗ ನಿಂತಲ್ಲೇ ನಿಂತಿದ್ದಾನೆ. ಬೆಳಕು ಹರಿಯುವ ಹೊತ್ತಿಗೆ ಅಪ್ಪ ಸೋಲುತ್ತಾನೆ.

"ಪಾಪ, ಆ ಅಪ್ಪ" ಅಂದರು ಅಕ್ಕ.

ಕಾಲೇಜಿನ ದಿನಗಳಲ್ಲಿ ಓದಿದಾಗ ನನ್ನ ಕಣ್ಣಿಗೆ ಆ ಅಪ್ಪ ಬಿದ್ದೇ ಇರಲಿಲ್ಲ. ಹುಡುಗನ ಹಟ, ಬುದ್ಧನನ್ನೇ ಎದುರಿಗೆ ಕಂಡು ಕೈಮುಗಿದರೂ ಶಿಷ್ಯನಾಗದೆ ಮುಂದೆ ನಡೆದ ಧೈರ್ಯ, ಇಷ್ಟೇ ಕಂಡಿದ್ದು. ಅಕ್ಕ ಮಕ್ಕಳನ್ನೆಲ್ಲ ದೂರದೂರಿಗೆ ಕಳಿಸಿ ಕೂತವರು. ಕಥೆ ಕೇಳಿದ ಮೊದಲ ಸಲಕ್ಕೇ ಅಪ್ಪನ ಕಡೆ ನಿಂತರು.

ಮುಂದೆ ಸಿದ್ಧಾರ್ಥ ಕಮಲಾ ಎಂಬ ಗಣಿಕೆಯ ಸಂಗ ಮಾಡುತ್ತಾನೆ, ವ್ಯಾಪಾರ, ಜೂಜು ಎಲ್ಲದರಲ್ಲೂ ಮುಳುಗೇಳುತ್ತಾನೆ. ಎಲ್ಲ ಸಾಕಾಗಿ ನದಿ ದಂಡೆಯಲ್ಲಿ ಅಂಬಿಗ ವಾಸುದೇವನ ಜೊತೆ ದೋಣಿ ನಡೆಸುತ್ತಾ ಉಳಿದುಬಿಡುತ್ತಾನೆ. ಇನ್ನೇನು ಜ್ಞಾನ ಬಂತು ಅನ್ನುವಷ್ಟರಲ್ಲಿ ಕಮಲೆಯ ಹೊಟ್ಟೆಯಲ್ಲಿ ಹುಟ್ಟಿದ ಅವನದೇ ಮಗ ಬಂದು ಸೇರುತ್ತಾನೆ. ತಾಯಿ ಹಾವು ಕಚ್ಚಿ ಸತ್ತಿದ್ದಾಳೆ. ಪಟ್ಟಣದ ಸುಖದಲ್ಲಿ ಬೆಳೆದ ಹುಡುಗನಿಗೆ ಗುಡಿಸಲು ಬೇಡ, ಈ ಮುದುಕರಿಬ್ಬರೂ ಬೇಡ. ಒಂದು ದಿನ ದೋಣಿ ತೆಗೆದುಕೊಂಡು ಓಡಿಹೋಗುತ್ತಾನೆ. ದೋಣಿ ಆಚೆ ದಡದಲ್ಲಿ. ಮುದುಕರು ಬಿದಿರು ಕಡಿದು ತೆಪ್ಪ ಕಟ್ಟಿ ನದಿ ದಾಟಬೇಕು. ಲೋಕವನ್ನೇ ಬಿಟ್ಟವನಿಗೆ ಮಗನನ್ನು ಬಿಡಲು ಆಗುವುದಿಲ್ಲ. ಎಷ್ಟೋ ದಿನ ಗಾಯ ಮಾಯದೆ ನರಳಿ, ಕೊನೆಗೊಮ್ಮೆ ನೀರಿಗೆ ಬಗ್ಗಿದಾಗ ತನ್ನ ಬಿಂಬದಲ್ಲಿ ಅವನಿಗೆ ತಂದೆಯ ಮುಖ ಕಾಣುತ್ತದೆ.

ನನ್ನ ಮಗ ಕೆಲಸ ಸಿಕ್ಕಿ ಪುಣೆಗೆ ಹೋದ ವರ್ಷ ಈ ಭಾಗವನ್ನು ಮತ್ತೆ ಓದಿದೆ. ಓದುತ್ತಾ ಓದುತ್ತಾ ಪುಸ್ತಕ ಮಡಚಿಟ್ಟೆ. ಮದುವೆಯಾಗಿ ನಾನು ಈ ಊರಿಗೆ ಹೊರಟಾಗ ಅಮ್ಮ ಬಸ್ಸಿನ ಕಿಟಕಿ ಸರಳು ಹಿಡಿದು ನಿಂತಿದ್ದಳು. ಬಸ್ಸು ಹೊರಟ ಮೇಲೂ ಸರಳು ಬಿಡದೆ ನಾಲ್ಕು ಹೆಜ್ಜೆ ಬಂದಿದ್ದಳು. ಎಷ್ಟೋ ವರ್ಷ ನೆನಪಿಗೇ ಬಾರದ ಆ ಕೈ ಅವತ್ತು ಕಣ್ಣ ಮುಂದೆ ಬಂತು. ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಯಾಕೆ ಅಂತ ಹೇಳಲಾಗಲಿಲ್ಲ. ಊಟ ಆಯ್ತಾ ಅಂತ ಕೇಳಿದಳು. ಅಷ್ಟೇ ಮಾತು.

ಅಕ್ಕ ಕಾಯಿ ಕೀಳುವುದನ್ನು ನಿಲ್ಲಿಸಿದ್ದರು.

"ಆ ಹೆಸ್ಸೆಗೆ ನಮ್ಮ ಸೀಮೆಯ ನಂಟೂ ಇದೆ ಅಕ್ಕ." ಅವನ ತಾಯಿ ಹುಟ್ಟಿದ್ದು ತಲಶ್ಶೇರಿಯಲ್ಲಿ. ತಾಯಿಯ ತಂದೆ ಹೆರ್ಮನ್ ಗುಂಡರ್ಟ್, ಬಾಸೆಲ್ ಮಿಷನ್ನಿನವರು, ಮಲಯಾಳಂ ನಿಘಂಟು ಮಾಡಿದವರು. ಅವರ ಆಪ್ತ ಗೆಳೆಯ ಮೋಗ್ಲಿಂಗ್, 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಶುರುಮಾಡಿದವರು. ಹೆಸ್ಸೆ ತಾನೂ 1911ರಲ್ಲಿ ಹಡಗು ಹತ್ತಿ ಸಿಂಹಳ, ಸುಮಾತ್ರದವರೆಗೆ ಬಂದಿದ್ದ. ತಾಯಿ ಹುಟ್ಟಿದ ಮಲಬಾರನ್ನು ಮುಟ್ಟದೆಯೇ ವಾಪಸ್ಸಾದ. ಅವನು ಹುಡುಗನಾಗಿದ್ದಾಗ, ಮಗ ದೇವರ ಸೇವೆಗೆ ಸೇರಲಿ ಅಂತ ಮನೆಯವರು ಮೌಲ್‌ಬ್ರಾನ್ ಎಂಬಲ್ಲಿನ ಧಾರ್ಮಿಕ ಶಾಲೆಗೆ ಹಾಕಿದ್ದರು. 1892ರಲ್ಲಿ, ಹದಿನಾಲ್ಕನೇ ವಯಸ್ಸಿನಲ್ಲಿ, ಅಲ್ಲಿಂದ ಓಡಿಹೋದ. ಅಪ್ಪನನ್ನು ಬಿಟ್ಟು ಓಡಿದ ಹುಡುಗನೂ ಅವನೇ. ಮುಂದೆ ಮೂರು ಗಂಡುಮಕ್ಕಳ ತಂದೆಯಾಗಿ ಆ ಅಧ್ಯಾಯ ಬರೆದವನೂ ಅವನೇ. ಕಾದಂಬರಿ ಅರ್ಧಕ್ಕೆ ಬಂದಾಗ ಅವನ ಕೈ ನಿಂತುಹೋಯಿತು, ವರ್ಷಕ್ಕೂ ಮೇಲೆ. ಅಲೆದಾಡುವವನನ್ನು ಬರೆಯಬಲ್ಲವನಾಗಿದ್ದ, ದಡ ಮುಟ್ಟಿದವನನ್ನು ಬರೆಯಲು ತಾನು ಅಲ್ಲಿಗೆ ಇನ್ನೂ ಮುಟ್ಟಿರಲಿಲ್ಲ. ಸುಳ್ಳು ಬರೆಯುವುದಕ್ಕಿಂತ ಸುಮ್ಮನಿರುವುದು ಮೇಲು ಅಂದುಕೊಂಡವನ ಮೇಲೆ ನನಗೆ ಬಹಳ ಗೌರವ.

ಈ ಗೌರವ ಎಲ್ಲ ಆಧ್ಯಾತ್ಮಿಕ ಕಾದಂಬರಿಗಳ ಮೇಲೂ ಇಲ್ಲ. ನೀನು ಬಯಸಿದ್ದನ್ನು ಕೊಡಿಸಲು ಜಗತ್ತೇ ಟೊಂಕಕಟ್ಟಿ ನಿಲ್ಲುತ್ತದೆ ಎಂದು ಬೆನ್ನು ತಟ್ಟುವ ‘ಆಲ್ಕೆಮಿಸ್ಟ್’ ಓದಿದಾಗ ಉಲ್ಲಾಸವಾಯಿತು, ನಿಜ. ನನ್ನ ಬಗ್ಗೆ ಹೊಸದೇನೂ ತಿಳಿಯಲಿಲ್ಲ. ದೇವುಡು ಅವರ ‘ಮಹಾಬ್ರಾಹ್ಮಣ’ ಹಾಗಲ್ಲ. ವಿಶ್ವಾಮಿತ್ರ ರಾಜ್ಯ ಬಿಟ್ಟ, ತಪಸ್ಸು ಮಾಡಿದ, ಆದರೂ ವಸಿಷ್ಠರ ಬಾಯಲ್ಲಿ ಬ್ರಹ್ಮರ್ಷಿ ಅನ್ನಿಸಿಕೊಳ್ಳಬೇಕು ಅನ್ನುವ ಆಸೆ ಬಿಡಲಿಲ್ಲ. ಒಳ್ಳೆಯ ಕೆಲಸ ಮಾಡಿ, ನೋಡಿದವರು ಹೊಗಳಲಿ ಅಂತ ಕಾಯುವ ನಮ್ಮೆಲ್ಲರ ಕಥೆ ಅದು.

"ಹೊಗಳದೇ ಹೋದ್ರೆ ಸಿಟ್ಟು ಬೇರೆ ಬರುತ್ತೆ" ಅಂದರು ಅಕ್ಕ.

"ಬರುತ್ತಲ್ಲ! ವಿಶ್ವಾಮಿತ್ರನಿಗೂ ಅದೇ. ಸಿಟ್ಟು ಬಂದಾಗಲೆಲ್ಲ ಗಳಿಸಿದ ತಪಸ್ಸು ಸೋರಿಹೋಗುತ್ತೆ, ಮತ್ತೆ ಮೊದಲಿಂದ ಕೂರಬೇಕು. ಅದನ್ನ ಓದಿದ ಮೇಲೆ ನನ್ನ ಸಿಟ್ಟಿನ ಹಿಂದೆ ಏನು ಅಡಗಿದೆ ಅಂತ ಹುಡುಕೋ ಅಭ್ಯಾಸ ಆಗಿದೆ."

"ನನಗೆ ಋಷಿಗಳು, ಜರ್ಮನಿಯವರು ಯಾರೂ ಬೇಡ. ನಮ್ಮಂಥ ಹೆಂಗಸರದು ಏನಾದ್ರೂ ಇದ್ಯಾ?"

ಈ ಪ್ರಶ್ನೆಗೆ ಯೋಚಿಸಬೇಕಾಗಿರಲಿಲ್ಲ. ಕಾರಂತರ ‘ಮೂಕಜ್ಜಿಯ ಕನಸುಗಳು’. 1968ರ ಪುಸ್ತಕ, 1977ರ ಜ್ಞಾನಪೀಠ ಅದಕ್ಕೇ. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡ, ಎಂಬತ್ತು ತಲುಪಿದ ಅಜ್ಜಿ. ಹಳೆಯ ವಸ್ತುವೊಂದನ್ನು ಕೈಗಿಟ್ಟರೆ ಅದರ ಹಿಂದಿನದೆಲ್ಲ ಅವಳಿಗೆ ಕಾಣುತ್ತದೆ. ಮೊಮ್ಮಗ ಸುಬ್ಬರಾಯ ಕೆದಕಿ ಕೆದಕಿ ಕೇಳುತ್ತಾನೆ, ಅವಳು ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ. ದೇವರು, ಹೆಣ್ಣು ಗಂಡಿನ ಆಸೆ, ಸಾವು, ಯಾವುದಕ್ಕೂ ಅಂಜಿಕೆಯಿಲ್ಲ. ಎಲ್ಲಿಗೂ ಹೋಗದೆ, ಏನನ್ನೂ ತ್ಯಜಿಸದೆ, ಇದ್ದ ಊರಲ್ಲೇ ಇಷ್ಟು ತಿಳಿದುಕೊಂಡ ಹೆಂಗಸು ನನ್ನ ಮಟ್ಟಿಗೆ ಸಿದ್ಧಾರ್ಥನಿಗಿಂತ ದೊಡ್ಡವಳು. ಊರಿನವರ ಬಾಯಿಗೆ ಬಿದ್ದ ನಾಗಿಯಂಥವಳ ನೋವನ್ನೂ ಅವಳು ತನ್ನದಾಗಿಸಿಕೊಳ್ಳುತ್ತಾಳೆ. ಬೇರೆ ಹೆಂಗಸರ ಬಗ್ಗೆ ಮಾತು ಬಂದಾಗ ನಾನು ಬಾಯಿ ತೆರೆಯುವ ಮುಂಚೆ ಮೂಕಜ್ಜಿ ನೆನಪಾಗುತ್ತಾಳೆ.

"ದೇವರಿಲ್ಲ ಅಂತಾಳಾ ಅಜ್ಜಿ?"

"ಅದನ್ನ ನಾನು ಹೇಳಲ್ಲ, ನೀವೇ ಕೇಳಿಸ್ಕೊಳ್ಳಿ."

ಪುಸ್ತಕ ತಂದುಕೊಟ್ಟೆ. ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. "ಕನ್ನಡಕದ ನಂಬರ್ ಬದಲಾಗಿದೆ ಕಣೇ. ಊಟ ಆದ್ಮೇಲೆ ಬಾ, ಮೊದಲ ನಾಲ್ಕು ಪುಟ ನೀನೇ ಓದು" ಅಂದರು.