ನಿವೃತ್ತಿ ಆದೇಶ ಬಂದ ಕಂಪ್ಯೂಟರ್ ಜೊತೆ ಒಂದು ಸಂದರ್ಶನ

ಮೈಸೂರಿನ ಹೂಟಗಳ್ಳಿ ಕೆಎಚ್‌ಬಿ ಕಾಲೊನಿಯ ಒಂದು ಜೆರಾಕ್ಸ್ ಅಂಗಡಿ. ಒಂದು ಪಕ್ಕ ಲ್ಯಾಮಿನೇಷನ್ ಮೆಷಿನ್, ಇನ್ನೊಂದು ಪಕ್ಕ ‘ಸಾಲ ಕೇಳಬೇಡಿ’ ಬೋರ್ಡು, ನಡುವೆ ನಮ್ಮ ಅತಿಥಿ. 2016ರಲ್ಲಿ ಕೊಂಡ ಕಂಪ್ಯೂಟರ್. ‘ಮಾನ್ಯರೇ’ಗಳಿಗೆ ದೀರ್ಘ ಕೊಟ್ಟೂ ಕೊಟ್ಟೂ ಕೀಬೋರ್ಡಿನ ‘ಎ’ ಕೀಲಿಯ ಅಚ್ಚು ಪೂರ್ತಿ ಅಳಿಸಿದೆ.

ಪ್ರ: ಹೇಗಿದ್ದೀರಿ?

ಉ: 2025ರ ಅಕ್ಟೋಬರ್ 14ರ ತನಕ ಚೆನ್ನಾಗಿದ್ದೆ. ಅವತ್ತು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸ್ತು. ಮಾರನೇ ದಿನ ಎಂದಿನ ಹಾಗೇ ಎದ್ದೆ, ಬಾಡಿಗೆ ಕರಾರು ಪ್ರಿಂಟ್ ಹೊಡೆದೆ. ಆದ್ರೂ ಬಂದವರೆಲ್ಲ ‘ಇದು ಇನ್ನೂ ಇದೆಯಾ?’ ಅಂತಾರೆ.

ಪ್ರ: ವಿಂಡೋಸ್ 11 ಹಾಕಿಸಿಕೊಳ್ಳಬಹುದಿತ್ತಲ್ಲ?

ಉ: ಪಂಕ್ತಿಗೆ ಕೂರಿಸಬೇಕಲ್ಲ ಸ್ವಾಮಿ! ಇಂಟೆಲ್ ಕುಲದವರಾದ್ರೆ ಎಂಟನೇ ತಲೆಮಾರಿನಿಂದ ಈಚಿನವರಾಗಿರಬೇಕಂತೆ, ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕಂತೆ. ನಾನು ಆರನೇ ತಲೆಮಾರು. ಹೂಟಗಳ್ಳಿ ಗ್ರಾಮ ಪಂಚಾಯಿತಿ ಹೋಗಿ ನಗರಸಭೆ ಆಯ್ತು. ಹಳೇ ಮನೆಯವರಿಗೆ ಯಾರಾದ್ರೂ ಊರು ಬಿಡಿ ಅಂದ್ರಾ?

ಪ್ರ: ಗಿರಾಕಿಗಳು ಏನಂತಾರೆ?

ಉ: ಪ್ರಿಂಟ್‌ಗೆ ಚಿಲ್ಲರೆ ಇರಲ್ಲ, ಅಭಿಪ್ರಾಯಕ್ಕೆ ಬರ ಇಲ್ಲ. ‘ಫಾರ್ಮ್ಯಾಟ್ ಹೊಡೆದ್ಬಿಡಿ ಅಣ್ಣ’ ಅಂತ ಒಬ್ಬ, ‘ಎಸ್‌ಎಸ್‌ಡಿ ಹಾಕ್ಸಿ, ರಾಕೆಟ್ ಥರ ಓಡುತ್ತೆ’ ಅಂತ ಇನ್ನೊಬ್ಬ. ಎರಡನೆಯವನು ಹೇಳಿದ್ದು ಸರಿ. ಆದ್ರೆ ದುಡ್ಡು ಕೊಡೋ ಮಾಲೀಕರು ಮೊದಲನೆಯವನ ಮಾತೇ ಕೇಳ್ತಾರೆ, ಅದು ಪುಕ್ಕಟೆ.

ಪ್ರ: ಇನ್ಫೋಸಿಸ್ ಪಕ್ಕದಲ್ಲೇ ಇದೆ. ಆ ಎಂಜಿನಿಯರುಗಳು ಸಹಾಯ ಮಾಡಲ್ವಾ?

ಉ: ಅವರು ಅಮೆರಿಕದ ಬ್ಯಾಂಕಿನ ಸರ್ವರ್ ರಿಪೇರಿ ಮಾಡ್ತಾರೆ. ನನ್ನ ಹತ್ರ ಬಂದು ‘ಅಣ್ಣ, ಪ್ರಿಂಟರ್ ಯಾಕೆ ಆಫ್‌ಲೈನ್ ತೋರಿಸ್ತಿದೆ?’ ಅಂತ ಮಾಲೀಕರನ್ನೇ ಕೇಳ್ತಾರೆ.

ಪ್ರ: ಗೇಮ್ಸ್ ಆಡ್ತೀರಾ?

ಉ: ಹುಡುಗರು ಫೋನ್‌ನಲ್ಲೇ ಬಿಜಿಎಂಐ ಆಡ್ಕೊಂಡು ನನ್ನನ್ನ ನೋಡಿ ನಗ್ತಾರೆ. ನನ್ನದು 2002ರ ಜಿಟಿಎ ವೈಸ್ ಸಿಟಿ. ಇವತ್ತಿಗೂ ತಡವರಿಸದೆ ಓಡಿಸ್ತೀನಿ. ಮಾಲೀಕರದು ಇಸ್ಪೀಟು, ಸಾಲಿಟೇರ್. ಮೊದಲು ಅದು ಬಿಟ್ಟಿ ಮನರಂಜನೆ. ಈಗ ಜಾಹೀರಾತು ನೋಡ್ಬೇಕು, ಬೇಡ ಅಂದ್ರೆ ಚಂದಾ ಕಟ್ಬೇಕು. ಒಂಟಿಯಾಗಿ ಇಸ್ಪೀಟಾಡಿ ದುಡ್ಡು ಕಳ್ಕೊಳ್ಳೋ ಕಾಲ ಬಂತು ನೋಡಿ!

ಪ್ರ: ಲಿನಕ್ಸ್ ಹಾಕಿದರೆ?

ಉ: ಧಾರಾಳವಾಗಿ ಹಾಕಬಹುದು. ಪುಕ್ಕಟೆ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಅದರಲ್ಲಿ ‘ಕಗಪ’ ಹೆಸರಲ್ಲಿ ಮೊದಲೇ ಇದೆ. ನುಡಿ ತಂತ್ರಾಂಶದಲ್ಲೂ ಅದೇ ವಿನ್ಯಾಸ, ಹಾಗಾಗಿ ಮಾಲೀಕರ ಬೆರಳಿಗೆ ಹೊಸ ಪಾಠ ಬೇಕಿಲ್ಲ. ತೊಡಕಿರೋದು ಹಳೇ ನುಡಿ ಫಾಂಟಿನ ಕಡತಗಳಲ್ಲಿ. ಆ ಫಾಂಟ್ ಇಲ್ಲದ ಕಡೆ ತೆರೆದ್ರೆ ‘ಕನ್ನಡ’ ಅನ್ನೋ ಪದದ ನಟ್ಟನಡುವೆ ಬ್ರಿಟಿಷರ ಪೌಂಡ್ ಚಿಹ್ನೆ ಕೂತಿರುತ್ತೆ. ಅವರು 1947ರಲ್ಲೇ ಹೋದ್ರು, ಅದು ಮಾತ್ರ ಹೋಗಿಲ್ಲ. ಯೂನಿಕೋಡ್‌ಗೆ ಬದಲಾಯಿಸೋ ತಂತ್ರಾಂಶ ಉಚಿತವಾಗಿ ಸಿಗುತ್ತೆ. ಮಾಲೀಕರಿಗೆ ಮಾತ್ರ ಪುರುಸೊತ್ತು ಸಿಗಲ್ಲ, ಇಸ್ಪೀಟು ಇದೆಯಲ್ಲ.

ಪ್ರ: ಹಾಗಾದರೆ ವಿಂಡೋಸ್ 10 ಹೀಗೇ ಇದ್ದರೇನು?

ಉ: ಸುಳ್ಳು ಹೇಳಲ್ಲ, ಅಪಾಯ ಇದೆ. ಹೊಸ ಕನ್ನ ಕಂಡರೂ ತೇಪೆ ಹಾಕೋರು ಇರಲ್ಲ. ಮನೆ ಬಳಕೆದಾರರು ನೋಂದಾಯಿಸಿಕೊಂಡ್ರೆ 2026ರ ಅಕ್ಟೋಬರ್ 13ರ ತನಕ ಭದ್ರತಾ ಅಪ್‌ಡೇಟ್ ಉಂಟು. ನೋಂದಣಿ ಇಲ್ಲದ ಯಂತ್ರದಲ್ಲಿ ಬ್ಯಾಂಕ್ ಪಾಸ್‌ವರ್ಡ್ ಮಾತ್ರ ಹೊಡೀಬೇಡಿ.

ಪ್ರ: ಓದುಗರಿಗೆ ಕೊನೆಯ ಮಾತು?

ಉ: ಹೊಸ ಕಂಪ್ಯೂಟರ್ ಕೊಳ್ಳೋ ಮೊದಲು ಹಳೇ ಕಡತಗಳನ್ನ ಯೂನಿಕೋಡ್‌ಗೆ ತಂದುಕೊಳ್ಳಿ. ಆಮೇಲೂ ನನ್ನನ್ನ ಗುಜರಿಗೆ ಹಾಕಲೇಬೇಕು ಅನ್ನಿಸಿದ್ರೆ ಹಾಕಿ, ಬೇಜಾರಿಲ್ಲ. ಹಾರ್ಡ್‌ಡಿಸ್ಕ್ ಮಾತ್ರ ಕಳಚಿಟ್ಟುಕೊಳ್ಳಿ. ಅರ್ಧ ಹೂಟಗಳ್ಳಿಯ ಆಧಾರ್ ಕಾರ್ಡು ಅದರಲ್ಲಿದೆ.