ಬೆಟ್ಟ ಕಂಡಿತು ಸಾರ್!

ಭೂವಿಜ್ಞಾನದ ಪ್ರ್ಯಾಕ್ಟಿಕಲ್‌ಗೆ ಬಂದಿದ್ದೀರಿ. ಮೇಜಿನ ಮೇಲೆ ಮಿರರ್ ಸ್ಟೀರಿಯೊಸ್ಕೋಪ್, ಪಕ್ಕದಲ್ಲಿ ಎರಡು ಕಪ್ಪುಬಿಳುಪು ಏರಿಯಲ್ ಫೋಟೊ. ಗಾಬರಿ ಬೇಡ.

ಮೊದಲು ಕನ್ನಡಿ ಒರೆಸಿ. ಮನೆಯ ಕನ್ನಡಿಗೆ ಲೇಪ ಹಿಂಬದಿಯಲ್ಲಿರುತ್ತದೆ, ಇದಕ್ಕೆ ಮುಂಬದಿಯಲ್ಲೇ; ಬೆರಳು ತಾಕಿದರೂ ಗುರುತು ಉಳಿಯುತ್ತದೆ. ಆದ್ದರಿಂದ ಹೆಬ್ಬೆರಳಿನಿಂದ ಶುರುಮಾಡಿ, ಕರ್ಚೀಫಿನ ತುದಿಗೆ ಎಂಜಲು ಹಚ್ಚಿ ಮುಗಿಸಿ. ಬೆಳ್ಳಗಿನದೇನೋ ಎದ್ದು ಬಂದರೆ ಅದು ಕೊಳೆ, ಬಿಡಬೇಡಿ. ಹಿಂದಿನ ಬ್ಯಾಚಿನವರೂ ಬಿಟ್ಟಿಲ್ಲ.

ಇನ್ನು ಫೋಟೊ. 23 ಸೆಂ.ಮೀ. ಚೌಕದ ಇವನ್ನು ವಿಮಾನ ಒಂದೇ ಸಾಲಿನಲ್ಲಿ ಹಾರುತ್ತಾ ತೆಗೆದಿರುತ್ತದೆ. ಒಂದರಲ್ಲಿರುವ ನೆಲದ ಸುಮಾರು ಶೇ. 60 ಭಾಗ ಮುಂದಿನದರಲ್ಲೂ ಇರುತ್ತದೆ. ಒಂದೊಂದು ಕಣ್ಣಿಗೆ ಒಂದೊಂದು ಫೋಟೊ ಬಿದ್ದು, ಮಿದುಳು ಎರಡನ್ನೂ ಕೂಡಿಸಿ ನೆಲವನ್ನು ಎಬ್ಬಿಸಿ ನಿಲ್ಲಿಸುತ್ತದಂತೆ. ಅದಕ್ಕಾಗಿ ಕೇಂದ್ರಬಿಂದು ಗುರುತಿಸಿ, ಹಾರಾಟದ ಗೆರೆ ಎಳೆದು, ಗೆರೆಗೆ ಗೆರೆ ಸೇರಿಸುತ್ತಾ ಕುಳಿತರೆ ಊಟದ ಹೊತ್ತಾಗುತ್ತದೆ. ಅಂದಾಜಿಗೆ ಇಟ್ಟುಬಿಡಿ. ತಲೆನೋವು ಬಂದರೆ ಉಪಕರಣ ಕೆಲಸ ಮಾಡುತ್ತಿದೆ ಎಂದು ತಿಳಿಯಿರಿ.

ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಇಡುವುದು ಇನ್ನೂ ಒಳ್ಳೆಯದು. ಬೆಟ್ಟ ಕುಸಿದು ಕಣಿವೆಯಾಗುತ್ತದೆ, ಹೊಳೆ ದಿಣ್ಣೆಯ ನೆತ್ತಿಯ ಮೇಲೆ ಹರಿಯುತ್ತದೆ. ಬೆಚ್ಚಬೇಡಿ. ರೆಕಾರ್ಡಿನಲ್ಲಿ ‘ಅಪರೂಪದ ಭೂರೂಪ’ ಎಂದು ಬರೆದು ಕೆಳಗೆ ಸ್ಕೇಲ್ ಇಟ್ಟು ಗೆರೆ ಎಳೆಯಿರಿ.

ಏನೂ ಕಾಣಲಿಲ್ಲವೇ? ಬಹಳ ಮಂದಿಗೆ ಆಗುವುದು ಇದೇ. ಕಣ್ಣನ್ನು ಮಾತ್ರ ಅಲ್ಲಿಂದ ತೆಗೆಯಬೇಡಿ. ಹತ್ತು ಸೆಕೆಂಡು ಸುಮ್ಮನಿದ್ದು ಆಮೇಲೆ “ಓಹ್!” ಎನ್ನಿ. ಬಗ್ಗಿದ ತಕ್ಷಣ ಎಂದರೆ ಮೇಷ್ಟ್ರಿಗೆ ಅನುಮಾನ ಬರುತ್ತದೆ. ಬಳಿಕ ಕೈ ಚಾಚಿ ಇಲ್ಲದ ಬೆಟ್ಟವನ್ನು ಮೆಲ್ಲಗೆ ಸವರಿ. ನಿಜವಾಗಿ ಕಂಡವರ ಕೈಯೂ ಹಾಗೇ ಮುಂದೆ ಹೋಗುತ್ತದೆ. “ಎಷ್ಟು ಕಡಿದಾಗಿದೆ ಸಾರ್!” ಎನ್ನಿ. ಸಿಕ್ಕಿಬೀಳುವ ಭಯವಿಲ್ಲ, ಏಕೆಂದರೆ ಇದರಲ್ಲಿ ಎತ್ತರ ಇದ್ದದ್ದಕ್ಕಿಂತ ಹಿಗ್ಗಿಯೇ ಕಾಣುವುದು. ಸಾಧಾರಣ ಇಳಿಜಾರೂ ಪ್ರಪಾತ.

1943ರಲ್ಲಿ ಇಂಗ್ಲೆಂಡಿನ ಮೆಡ್ಮೆನ್‌ಹ್ಯಾಮ್‌ನಲ್ಲಿ ಕುಳಿತು ಕಾನ್‌ಸ್ಟನ್ಸ್ ಬ್ಯಾಬಿಂಗ್ಟನ್ ಸ್ಮಿತ್ ಪೀನೆಮ್ಯುಂಡೆಯ ಫೋಟೊದಲ್ಲಿ ಜರ್ಮನ್ನರ ಹಾರುವ ಬಾಂಬನ್ನು ಪತ್ತೆಹಚ್ಚಿದ ಕಥೆಯನ್ನು ಮೇಷ್ಟ್ರು ತೆಗೆದರೆ ತಲೆಯಾಡಿಸಿ. ಪಾಪ, ಆಕೆಗೆ ನಕಲು ಮಾಡಲು ಸೀನಿಯರ್‌ಗಳ ರೆಕಾರ್ಡ್ ಇರಲಿಲ್ಲ.

ನಿಮಗಿದೆ. ಎತ್ತರ ಅಳೆಯುವ ಪ್ಯಾರಲ್ಯಾಕ್ಸ್ ಬಾರಿನ ಎರಡು ಚುಕ್ಕಿ ಒಂದಾಗಿ ಬೆಟ್ಟದ ತುದಿಯ ಮೇಲೆ ಕೂರುವ ತನಕ ಮೈಕ್ರೋಮೀಟರ್ ತಿರುಗಿಸಬೇಕು ಎಂಬ ನಿಯಮವನ್ನು ಗೌರವಿಸಿ, ಎರಡು ಸುತ್ತು ತಿರುಗಿಸಿ. ಉತ್ತರವನ್ನು ಹಳೇ ರೆಕಾರ್ಡಿನಿಂದ ಇಳಿಸಿಕೊಳ್ಳಿ. ಫೋಟೊ ಪ್ರತಿವರ್ಷ ಅದೇ. ಕೊನೆಯ ಅಂಕಿಯನ್ನಷ್ಟೇ ಬದಲಿಸಿ. ಅಳತೆ ಮಿಲಿಮೀಟರಿನ ನೂರನೇ ಒಂದು ಭಾಗದ್ದು. ಯಾರು ಜಗಳಕ್ಕೆ ಬರುತ್ತಾರೆ?

ಎದ್ದು ಪಕ್ಕದವನಿಗೆ ಜಾಗ ಬಿಡಿ. ಅವನು ಬಗ್ಗಿ ನೋಡಿ “ಏನೂ ಕಾಣ್ತಿಲ್ವಲ್ಲೋ” ಎಂದರೆ, ಭುಜ ತಟ್ಟಿ ಕನಿಕರದಿಂದ ಹೇಳಿ: “ಯಾವುದಕ್ಕೂ ಒಂದ್ಸಲ ಕಣ್ಣಿನ ಡಾಕ್ಟ್ರಿಗೆ ತೋರಿಸ್ಕೋ ಮಾರಾಯ.”